ರಜೆಯಲ್ಲಿ ಸೇವೆಗೆ ಹೊರಡುವ ಮುನ್ನ

ದೀಪಾವಳಿಯ ಚಕ್ಕುಲಿ ಡಬ್ಬಿ ಇನ್ನೂ ಖಾಲಿಯಾಗಿಲ್ಲ, ಆಗಲೇ ಬೇಸಿಗೆ ರಜೆಯ ಮಾತೇಕೆ ಎಂದು ನೀವು ಕೇಳಬಹುದು. ಬರೀ ಪ್ರವಾಸವಾದರೆ ಮಾರ್ಚ್ ತಿಂಗಳಲ್ಲಿ ಯೋಚಿಸಿದರೂ ನಡೆದೀತು. ಊರು ನೋಡಿಕೊಂಡು ಬರುವುದಕ್ಕೆ ರೈಲಿನ ಟಿಕೆಟು ಸಿಕ್ಕರಾಯಿತು. ಆದರೆ ರಜೆಯನ್ನು ಯಾವುದಾದರೂ ಆಶ್ರಮದಲ್ಲೋ, ಗಿರಿಜನರ ಆಸ್ಪತ್ರೆಯಲ್ಲೋ, ಶ್ರಮದಾನದ ಶಿಬಿರದಲ್ಲೋ ಕಳೆಯಬೇಕೆಂಬ ಮನಸ್ಸಿದ್ದರೆ ಸಿದ್ಧತೆ ಈಗಲೇ ಶುರುವಾಗಬೇಕು. ಕಾರಣ ಬಹಳ ಸಾದಾ. ರೋಗಿಗಳ ನಡುವೆ ಕೆಲಸ ಮಾಡುವವರಿಗೆ ಬೇಕಾದ ಹೆಪಟೈಟಿಸ್-ಬಿ ಲಸಿಕೆಯ ಮೂರು ಚುಚ್ಚುಮದ್ದುಗಳು ಮುಗಿಯಲು ಆರು ತಿಂಗಳು ಹಿಡಿಯುತ್ತದೆ. ಮೇ ತಿಂಗಳಲ್ಲಿ ಹೊರಡುವವರು ಮೊದಲನೆಯದನ್ನು ನವೆಂಬರಿನಲ್ಲೇ ತೆಗೆದುಕೊಂಡಿರಬೇಕು.

ಇತ್ತೀಚಿನ ವರ್ಷಗಳಲ್ಲಿ ಇಂಥ ಸೇವಾ ರಜೆಗೆ ಹೊರಡುವವರು ಹೆಚ್ಚುತ್ತಿದ್ದಾರೆ. ಪದವಿ ಓದುವ ಮಗಳು 'ಹದಿನೈದು ದಿನ ಕಾಡಿನ ಶಾಲೆಯಲ್ಲಿ ಪಾಠ ಹೇಳಿ ಬರುತ್ತೇನಮ್ಮ' ಎನ್ನುತ್ತಾಳೆ. ಕಂಪ್ಯೂಟರ್ ಕಂಪನಿಯ ಹುಡುಗರು ವರ್ಷಕ್ಕೊಮ್ಮೆ ಹಳ್ಳಿಗೆ ಹೋಗಿ ಶೌಚಾಲಯ ಕಟ್ಟುತ್ತಾರೆ. ನಿವೃತ್ತರಾದ ದಂಪತಿ ಕುಷ್ಠರೋಗಿಗಳ ಆಶ್ರಮದಲ್ಲಿ ಒಂದು ತಿಂಗಳಿದ್ದು ಬರಲು ಹಂಬಲಿಸುತ್ತಾರೆ. ಒಳ್ಳೆಯ ವಿಚಾರ, ಬೇಡ ಎನ್ನಲು ಯಾರಿಗೂ ಬಾಯಿ ಬಾರದು. ಆದರೆ ಒಂದು ಮಾತು ನೆನಪಿರಲಿ. ಮೂವತ್ತು ಹಾಸಿಗೆಯ ಕಾಡಿನ ಆಸ್ಪತ್ರೆಯಲ್ಲಿ ಸೇವೆಗೆಂದು ಹೋದವರೇ ಜ್ವರ ಹಿಡಿದು ಮಲಗಿದರೆ, ಅವರು ಮಲಗಿದ್ದು ಅಲ್ಲಿನವರಿಗಾಗಿ ಇದ್ದ ಹಾಸಿಗೆಯ ಮೇಲೆ. ಅವರ ಆರೈಕೆಗೆ ನಿಂತ ದಾದಿ ಬೇರೊಬ್ಬ ರೋಗಿಯನ್ನು ಬಿಟ್ಟು ಬಂದವಳು. ಆದ್ದರಿಂದ ಸ್ವಂತ ಆರೋಗ್ಯದ ಎಚ್ಚರವೂ ಆ ಸೇವೆಯ ಒಂದು ಭಾಗವೇ ಆಗುತ್ತದೆ.

ಕರೆದರೆ ಮಾತ್ರ ಹೋಗಿ

ರಜೆ ಹಾಕಿ ದೂರದ ಊರಿಗೆ ಹೋಗಿ ಶ್ರಮದಾನ ಮಾಡುವ ಪದ್ಧತಿಗೆ ನೂರು ವರ್ಷ ದಾಟಿದೆ. ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ಫ್ರಾನ್ಸಿನ ವರ್ಡನ್ ಬಳಿಯ ಎಸ್ನ್ ಎಂಬ ಹಳ್ಳಿಯನ್ನು ಮತ್ತೆ ಕಟ್ಟಲು 1920ರಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬಾತ ಹಲವು ದೇಶಗಳ ಒಂದು ಸಣ್ಣ ತಂಡ ಕಟ್ಟಿಕೊಂಡು ಹೋದ. ನಿನ್ನೆಯವರೆಗೆ ಶತ್ರುಗಳಾಗಿದ್ದವರು ಒಟ್ಟಿಗೆ ಸಲಿಕೆ ಹಿಡಿಯಲಿ ಎಂದು ತಂಡದಲ್ಲಿ ಜರ್ಮನರನ್ನೂ ಸೇರಿಸಿಕೊಂಡಿದ್ದ. ಆಶಯ ದೊಡ್ಡದೇ. ಆದರೆ ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ಆ ಸೀಮೆಯಲ್ಲಿ ವಿರೋಧ ಎದ್ದು, ಕೆಲವೇ ತಿಂಗಳಲ್ಲಿ ಕೆಲಸ ನಿಲ್ಲಿಸಿ ಹೊರಡಬೇಕಾಯಿತು. ಅದೇ ಸೆರೆಸೋಲ್ 1934ರ ಜನವರಿಯ ಭೂಕಂಪದ ನಂತರ ನಮ್ಮ ಬಿಹಾರಕ್ಕೂ ಬಂದ, ಮನೆ ಕಳೆದುಕೊಂಡವರಿಗೆ ಹಳ್ಳಿ ಕಟ್ಟಿಕೊಡುವ ಕೆಲಸದಲ್ಲಿ ತೊಡಗಿದ. ಆತ ಸ್ಥಾಪಿಸಿದ ಸಂಸ್ಥೆಯ ಭಾರತೀಯ ಶಾಖೆ ಹುಟ್ಟಿದ್ದು ಆ ನಂಟಿನಿಂದಲೇ. ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷದಲ್ಲಿ. ಅದರ ಕ್ಯಾಂಪಿನಲ್ಲಿ ಗುದ್ದಲಿ ಹಿಡಿದವರು, ಬೆಂದೂ ಬೇಯದ ಚಿತ್ರಾನ್ನ ತಿಂದವರು ಈ ಓದುಗರಲ್ಲೇ ಎಷ್ಟೋ ಮಂದಿ ಇದ್ದೀರಿ.

ಎಸ್ನ್ ಹಳ್ಳಿಯ ಕಥೆಯನ್ನು ಇಲ್ಲಿ ತಂದದ್ದೇಕೆಂದರೆ, ಹೋಗುವವರ ಮನಸ್ಸು ಒಳ್ಳೆಯದಿದ್ದರೆ ಸಾಲದು, ಆ ಊರಿಗೂ ಅವರು ಬೇಕಾಗಿರಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಸೋಲಿಗರ ನಡುವೆ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಆರಂಭಿಸಿ ಹೆಗ್ಗಡದೇವನಕೋಟೆಯ ಹಾಡಿಗಳತ್ತ ಕೊಂಡೊಯ್ದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಮಹಾರಾಷ್ಟ್ರದ ವರೋರಾ ಬಳಿ ಬಾಬಾ ಆಮ್ಟೆ ಅವರು ಕುಷ್ಠರೋಗಿಗಳಿಗಾಗಿ ಕಟ್ಟಿದ ಆನಂದವನ ಮೊದಲಾದವು ವರ್ಷಗಟ್ಟಲೆ ಅಲ್ಲೇ ನೆಲೆನಿಂತು ಬೆಳೆದ ಸಂಸ್ಥೆಗಳು. ಎರಡು ವಾರಕ್ಕೆ ಬಂದವರಿಂದ ಅಲ್ಲಿ ಏನಾಗಬೇಕು, ಯಾವ ತಿಂಗಳಲ್ಲಿ, ಎಷ್ಟು ಜನ ಎಂಬುದನ್ನು ಅವರೇ ಹೇಳಬೇಕು. ಮೊದಲೇ ಪತ್ರ ಬರೆಯಿರಿ. 'ನನಗೆ ಲೆಕ್ಕ ಬರೆಯಲು ಬರುತ್ತದೆ, ವೈರಿಂಗ್ ಬರುತ್ತದೆ, ಹೊಲಿಗೆ ಬರುತ್ತದೆ' ಎಂದು ಇರುವುದನ್ನು ಇದ್ದ ಹಾಗೆ ತಿಳಿಸಿ. ಬೇಡ ಎಂಬ ಉತ್ತರ ಬಂದರೆ ಬೇಸರ ಪಡಬೇಡಿ. ಹಾಗೆ ಹೇಳುವ ಸಂಸ್ಥೆಗೆ ತನ್ನ ಕೆಲಸ ಚೆನ್ನಾಗಿ ಗೊತ್ತಿದೆ ಎಂದು ತಿಳಿಯಿರಿ. ಅದಕ್ಕೆ ಬದಲಾಗಿ ದಿನಕ್ಕಿಷ್ಟು ದುಡ್ಡು ಕಟ್ಟಿಸಿಕೊಂಡು ಯಾರು ಬಂದರೂ ಸರಿ, ಯಾವ ಕೆಲಸ ಮಾಡಿದರೂ ಸರಿ ಎನ್ನುವ ಕಡೆ ನಾನಾದರೆ ಎರಡು ಸಲ ಯೋಚಿಸುತ್ತೇನೆ.

ಸೂಜಿ ಮುಟ್ಟಬೇಡಿ

ಆಸ್ಪತ್ರೆಗೆ ಸೇವೆಗೆ ಹೊರಟ ಹುಡುಗರು ಕೇಳುವ ಮೊದಲ ಪ್ರಶ್ನೆ, 'ಇಂಜೆಕ್ಷನ್ ಕೊಡಲು ಕಲಿಸುತ್ತಾರಾ ಸಾರ್?' ಎಂಬುದು. ವೈದ್ಯಕೀಯ ಪ್ರವೇಶಕ್ಕೆ ಓದುತ್ತಿರುವವರಂತೂ ಗಾಯಕ್ಕೆ ಹೊಲಿಗೆ ಹಾಕಲೂ ತಯಾರು. ಬೇಡ. ನಗರದ ಆಸ್ಪತ್ರೆಯಲ್ಲಿ ನಿಮ್ಮಿಂದ ಯಾರು ಇಂಜೆಕ್ಷನ್ ಮಾಡಿಸಿಕೊಳ್ಳುವುದಿಲ್ಲವೋ, ಕಾಡಿನಲ್ಲೂ ಅವರಂಥವರೇ ಇರುವುದು. ಅಲ್ಲಿನವರು ಎದುರು ಮಾತಾಡುವುದಿಲ್ಲ ಎಂಬುದು ಕಲಿಯುವುದಕ್ಕೆ ಸಿಕ್ಕ ಅವಕಾಶವಲ್ಲ. ಕಾನೂನೂ ಇದನ್ನು ಒಪ್ಪುವುದಿಲ್ಲ. ಇದರಲ್ಲಿ ನಿಮಗೂ ಅಪಾಯವಿದೆ. ರೋಗಿಗೆ ಚುಚ್ಚಿದ ಸೂಜಿ ಕೈಗೆ ತಗುಲಿದರೆ ಹೆಪಟೈಟಿಸ್-ಬಿ, ಹೆಪಟೈಟಿಸ್-ಸಿ, ಎಚ್‌ಐವಿ ಮೂರೂ ಹರಡಬಲ್ಲವು. ಕಸ ಗುಡಿಸುವಾಗಲೋ ಬಟ್ಟೆ ಒಗೆಯುವಾಗಲೋ ಅಕಸ್ಮಾತ್ ಸೂಜಿ ಚುಚ್ಚಿದರೆ ನಾಚಿಕೊಂಡು ಮುಚ್ಚಿಡಬೇಡಿ. ಆ ಜಾಗವನ್ನು ಸೋಪು ನೀರಿನಲ್ಲಿ ತೊಳೆದು ಕೂಡಲೇ ಅಲ್ಲಿನ ವೈದ್ಯರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಬೇಕು. ಆಮೇಲೆ ಪ್ರಯೋಜನವಿಲ್ಲ.

ಹಾಗಾದರೆ ತರಬೇತಿ ಇಲ್ಲದವರಿಗೆ ಆಸ್ಪತ್ರೆಯಲ್ಲಿ ಏನು ಕೆಲಸ? ಬೇಕಾದಷ್ಟು. ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಅವರ ಕಣ್ಣಿನ ಶಿಬಿರಗಳನ್ನು ಕಂಡ ಹಿರಿಯರು ನಿಮ್ಮ ಮನೆಯಲ್ಲೇ ಇರಬಹುದು. ಮೋದಿಯವರು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಶಿಬಿರ ಅಂದಮೇಲೆ ವೃದ್ಧರ ಕೈಹಿಡಿದು ಕರೆತರುವುದು, ಸಾಲಿನಲ್ಲಿ ಕೂರಿಸುವುದು, ಕಣ್ಣಿಗೆ ಪಟ್ಟಿ ಕಟ್ಟಿದವರಿಗೆ ಗಂಜಿ ಕುಡಿಸುವುದು, ರಾತ್ರಿ ಬಚ್ಚಲಿಗೆ ಕರೆದೊಯ್ಯುವುದು, ಇದಕ್ಕೆಲ್ಲ ಊರಿನವರೇ ನಿಲ್ಲಬೇಕು. ಈ ಕೆಲಸಗಳಿಲ್ಲದೆ ಯಾವ ಶಿಬಿರವೂ ನಡೆಯದು.

ಇದಕ್ಕಿಂತ ದೊಡ್ಡ ಉದಾಹರಣೆಯೊಂದಿದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ ಪಶ್ಚಿಮ ಬಂಗಾಳದ ಬನಗಾಂವ್ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಹಾಕುವ ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ಪುಡಿಯನ್ನು ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ, ರೋಗಿಗಳ ಮನೆಯವರ ಕೈಗೇ ಕೊಟ್ಟು ಲೋಟ ಲೋಟ ಕುಡಿಸಿ ಎಂದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಕುಡಿಸಿದವರು ಡಾಕ್ಟರರೂ ಅಲ್ಲ, ದಾದಿಯರೂ ಅಲ್ಲ. ಹೇಳಿದ್ದನ್ನು ಬೇಸರವಿಲ್ಲದೆ, ರಾತ್ರಿಯೆಲ್ಲ ಎಚ್ಚರವಿದ್ದು ಮಾಡಿದ ಸಾಮಾನ್ಯ ಜನ. ಇವತ್ತು ನಾವು ಓಆರ್‌ಎಸ್ ಎನ್ನುವ ಪೊಟ್ಟಣ ಮನೆಮಾತಾದದ್ದರ ಹಿಂದೆ ಅವರೂ ಇದ್ದಾರೆ.

ಔಷಧದ ಮೂಟೆ ಬೇಡ

ಇನ್ನೊಂದು ಅಭ್ಯಾಸ. ಹೊರಡುವ ವಾರ ಅಕ್ಕಪಕ್ಕದ ಮನೆಗಳಲ್ಲಿ ಉಳಿದ ಮಾತ್ರೆಗಳನ್ನೆಲ್ಲ ಒಟ್ಟುಗೂಡಿಸಿ ಬ್ಯಾಗಿಗೆ ತುಂಬುವುದು. ಅರ್ಧ ಖಾಲಿಯಾದ ಆಂಟಿಬಯಾಟಿಕ್ ಪಟ್ಟಿ, ಹೆಸರು ಹರಿದುಹೋದ ಬಿಪಿ ಮಾತ್ರೆ, ಮುಂದಿನ ತಿಂಗಳು ಅವಧಿ ಮುಗಿಯುವ ಸಿರಪ್ಪು. ಇದನ್ನು ವಿಂಗಡಿಸುವವರು ಯಾರು? 1988ರಲ್ಲಿ ಆರ್ಮೇನಿಯಾದಲ್ಲಿ ಭೂಕಂಪವಾದಾಗ ಜಗತ್ತು ಕರಗಿ 5,000 ಟನ್ ಔಷಧ ಮತ್ತು ವೈದ್ಯಕೀಯ ಸಾಮಗ್ರಿ ಕಳುಹಿಸಿತು. ಬಂದದ್ದರಲ್ಲಿ ಏನೇನಿದೆ ಎಂದು ಲೆಕ್ಕ ಸಿಗಲು 50 ಜನ ಆರು ತಿಂಗಳು ದುಡಿಯಬೇಕಾಯಿತು. ಇಂಥ ಅನುಭವಗಳ ನಂತರವೇ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧ ದಾನಕ್ಕೆ ನಿಯಮಗಳನ್ನು ಮಾಡಿತು: ಕೇಳಿದ ಔಷಧವನ್ನಷ್ಟೇ ಕೊಡಿ, ತಲುಪುವಾಗ ಇನ್ನೂ ಒಂದು ವರ್ಷವಾದರೂ ಅವಧಿ ಉಳಿದಿರಲಿ, ರೋಗಿಗೆ ಕೊಟ್ಟು ವಾಪಸು ಬಂದ ಔಷಧವಂತೂ ಬೇಡವೇ ಬೇಡ. ಕೊಡಲೇಬೇಕೆನಿಸಿದರೆ ಏನು ಬೇಕೆಂದು ಕೇಳಿ ತಿಳಿದುಕೊಳ್ಳಿ, ಅಥವಾ ಹಣ ಕೊಡಿ.

ಮಕ್ಕಳ ಅನಾಥಾಲಯಗಳ ವಿಚಾರವಾಗಿ ಎರಡು ಮಾತು. ಹತ್ತು ದಿನ ಮಗುವನ್ನು ಎತ್ತಿ ಮುದ್ದಾಡಿ, 'ಅಕ್ಕಾ' ಎನ್ನಿಸಿಕೊಂಡು, ಹನ್ನೊಂದನೆಯ ದಿನ ಹೊರಟುಬಿಟ್ಟರೆ ನಿಮಗೆ ಸವಿನೆನಪು. ಮೊದಲೇ ತಂದೆತಾಯಿಯನ್ನು ಕಳೆದುಕೊಂಡ ಮಗುವಿಗೆ ಅದು ಮತ್ತೊಂದು ಅಗಲಿಕೆ. ಹೀಗೆ ವರ್ಷಕ್ಕೆ ಹತ್ತು ತಂಡ ಬಂದು ಹೋದರೆ ಆ ಮಗು ಯಾರನ್ನೂ ನಂಬದ ಹಾಗೆ ಆಗಬಹುದು. ನೇಪಾಳ, ಕಾಂಬೋಡಿಯದಂಥ ಕಡೆ ವಿದೇಶಿ ಸ್ವಯಂಸೇವಕರ ದುಡ್ಡಿನ ಆಸೆಗೆ ತಂದೆತಾಯಿ ಇರುವ ಮಕ್ಕಳನ್ನೇ ಅನಾಥರೆಂದು ಕರೆತಂದು ಇಟ್ಟ ಪ್ರಕರಣಗಳು ಬಯಲಾಗಿವೆ. ಅಂಥ ಮನೆಗಳಿಗೆ ನೆರವಾಗುವ ಆಸೆಯಿದ್ದರೆ ನಿಮ್ಮ ಊರಿನಲ್ಲೇ ಇರುವ ಒಂದನ್ನು ಆರಿಸಿಕೊಂಡು ವರ್ಷವಿಡೀ ವಾರಕ್ಕೊಮ್ಮೆ ಗಣಿತ ಹೇಳಿಕೊಡಲು ಹೋಗಿ. ರಜೆಯನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.

ಲಸಿಕೆಯ ಲೆಕ್ಕ

ಈಗ ಕ್ಯಾಲೆಂಡರ್ ಕೈಗೆತ್ತಿಕೊಳ್ಳಿ. ಹೆಪಟೈಟಿಸ್-ಬಿ ಲಸಿಕೆಯನ್ನು ಮೊದಲ ದಿನ, ಒಂದು ತಿಂಗಳ ನಂತರ, ಆರು ತಿಂಗಳಿಗೆ ಹೀಗೆ ಮೂರು ಸಲ ಕೊಡುತ್ತಾರೆ. ದೇಶದೆಲ್ಲೆಡೆ ಶಿಶುಗಳ ಲಸಿಕೆ ಪಟ್ಟಿಗೆ ಇದು ಸೇರಿದ್ದು 2011ರ ಹೊತ್ತಿಗೆ. ಆದ್ದರಿಂದ ಈಗಿನ ಕಾಲೇಜು ಹುಡುಗರಲ್ಲಿ ಹಲವರಿಗೆ, ಅವರ ತಂದೆತಾಯಿಯರಲ್ಲಿ ಹೆಚ್ಚಿನವರಿಗೆ ಇದು ಆಗಿರುವುದಿಲ್ಲ. ಆಸ್ಪತ್ರೆ, ಆಂಬುಲೆನ್ಸ್, ಶುಚಿತ್ವದ ಕೆಲಸಕ್ಕೆ ಹೋಗುವವರಿಗೆ ಇದು ಅಗತ್ಯ. ತಡವಾಗಿದ್ದರೆ ಬೇಗ ಮುಗಿಯುವ ಬೇರೆ ಕ್ರಮವೂ ಉಂಟು, ವೈದ್ಯರನ್ನು ಕೇಳಿ.

ಧನುರ್ವಾಯುವಿನ ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ ಬೇಕು. ಮೊದಲು ಟಿಟಿ ಎನ್ನುತ್ತಿದ್ದರು, ಈಗ ಗಂಟಲಮಾರಿಯ ರಕ್ಷಣೆಯನ್ನೂ ಸೇರಿಸಿ ಟಿಡಿ ಎಂದು ಕೊಡುತ್ತಾರೆ. ಗುದ್ದಲಿ, ತಗಡು, ಮುಳ್ಳುತಂತಿಯ ಕೆಲಸಕ್ಕೆ ಹೊರಟವರು ಇದಿಲ್ಲದೆ ಮನೆ ಬಿಡಬಾರದು. ಟೈಫಾಯಿಡ್ ಲಸಿಕೆಯನ್ನು ಹೊರಡುವುದಕ್ಕೆ ಎರಡು ವಾರ ಮೊದಲಾದರೂ ಹಾಕಿಸಿಕೊಂಡಿರಬೇಕು. ಹಾಕಿಸಿಕೊಂಡೆವೆಂದು ಕಂಡಲ್ಲಿ ನೀರು ಕುಡಿಯಲು ಪರವಾನಗಿ ಸಿಕ್ಕಿತೆಂದಲ್ಲ. ಕುದಿಸಿ ಆರಿಸಿದ ನೀರು, ಬಿಸಿಯಾದ ಊಟ, ಊಟಕ್ಕೆ ಮುಂಚೆ ಸೋಪಿನಲ್ಲಿ ಕೈತೊಳೆಯುವುದು ಇದ್ದೇ ಇದೆ. ಮಕ್ಕಳಿರುವ ಕಡೆ ಹೋಗುವವರು ದಡಾರದ ಲಸಿಕೆಯಾಗಿದೆಯೇ ಎಂದು ಅಮ್ಮನನ್ನು ಕೇಳಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಆಗುವವರೆಗೆ ಎಲ್ಲಿಗೂ ಹೋಗಬೇಡಿ. ನಿಮ್ಮಿಂದ ಅಪೌಷ್ಟಿಕತೆಯ ಮಕ್ಕಳಿಗೆ ಕ್ಷಯ ಹರಡಬಾರದು.

ಬೀದಿನಾಯಿಗಳ ಆರೈಕೆ ಕೇಂದ್ರ, ಗೋಶಾಲೆ, ವನ್ಯಪ್ರಾಣಿ ಚಿಕಿತ್ಸಾಲಯ ಇಂಥ ಕಡೆ ಹೊರಡುವವರಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಕಚ್ಚುವ ಮೊದಲೇ ಕೊಡುವ ಪದ್ಧತಿಯಿದೆ. ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚುವ ಕಾಲ ಹೋಯಿತು, ಈಗ ತೋಳಿಗೆ ಎರಡೋ ಮೂರೋ ಅಷ್ಟೆ. ಇದನ್ನು ಮಾಡಿಸಿಕೊಂಡವರಿಗೆ ನಾಯಿ ಕಚ್ಚಿದರೆ ಮತ್ತೆ ಎರಡು ಚುಚ್ಚುಮದ್ದು ಸಾಕು, ದುಬಾರಿಯಾದ ಸೀರಮ್ ಬೇಕಿಲ್ಲ. ಏನೇ ಆದರೂ ಕಚ್ಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬಾರದು. ಈ ರೋಗ ಒಮ್ಮೆ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧವಿಲ್ಲ, ಹಾಗಾಗಿ ಸಣ್ಣ ಗೀರು ಎಂದು ಉದಾಸೀನ ಸಲ್ಲದು.

ಲಡಾಖಿನಂಥ ಎತ್ತರದ ಊರಿಗೆ ವಿಮಾನದಲ್ಲಿ ಇಳಿಯುವವರು ಮೊದಲ ಎರಡು ದಿನ ಬರೀ ವಿಶ್ರಾಂತಿ ತೆಗೆದುಕೊಳ್ಳಬೇಕು. ಆಫ್ರಿಕದ ಹಲವು ದೇಶಗಳಿಗೆ ಹೋಗುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಅದು ಸರಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಚುಚ್ಚಿಸಿಕೊಂಡ ಹತ್ತು ದಿನಗಳ ಮೇಲೆ ಊರ್ಜಿತವಾಗುತ್ತದೆ.

ಬಿಸಿಲು, ಕಾಡು, ನೆರೆ

ಬಾಬಾ ಆಮ್ಟೆ ಅವರು 1960ರ ದಶಕದ ಕೊನೆಯಲ್ಲಿ ಚಂದ್ರಪುರ ಜಿಲ್ಲೆಯ ಸೋಮನಾಥದಲ್ಲಿ ಯುವಕರಿಗಾಗಿ ಶ್ರಮ ಸಂಸ್ಕಾರ ಛಾವಣಿ ಎಂಬ ಶಿಬಿರ ಆರಂಭಿಸಿದರು. ಅದಕ್ಕೆ ಆರಿಸಿದ್ದು ಮೇ ತಿಂಗಳನ್ನು. ಚಂದ್ರಪುರವೆಂದರೆ ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ಊರು. ರಜೆ ಇರುವುದೇ ಆಗ, ಏನು ಮಾಡುವುದು? ಇಂಥ ಕಡೆ ಮಣ್ಣಿನ ಕೆಲಸ ನಡೆಯಬೇಕಾದದ್ದು ಬೆಳಗಿನ ತಂಪಿನಲ್ಲಿ. ಬೆಂಗಳೂರಿನ ಫ್ಯಾನಿನ ಕೆಳಗಿನಿಂದ ನೇರವಾಗಿ ಹೋಗಿ ಮೊದಲ ದಿನವೇ ಪೌರುಷ ತೋರಿಸಲು ಹೊರಡುವವರೇ ಬೇಗ ಬೀಳುವುದು. ಬಿಸಿಲಿಗೆ ಒಗ್ಗಿಕೊಳ್ಳಲು ದೇಹಕ್ಕೆ ಒಂದೆರಡು ವಾರ ಬೇಕು. ಹೊರಡುವ ತಿಂಗಳು ಮೊದಲೇ ದಿನವೂ ಮುಕ್ಕಾಲು ಗಂಟೆ ಬೆವರು ಬರುವಂತೆ ನಡೆಯಿರಿ. ಅಲ್ಲಿ ಬಾಯಾರಿಕೆಗೆ ಕಾಯದೆ ನೀರು ಕುಡಿಯಿರಿ. ಮಜ್ಜಿಗೆ, ಗಂಜಿ, ಓಆರ್‌ಎಸ್ ಯಾವುದಾದರೂ ಸರಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಜತೆಗಾರನ ಮೈ ಕಾದು, ಮಾತು ತೊದಲಿ, ಎಲ್ಲಿದ್ದೇನೆಂದು ತಿಳಿಯದಂತಾದರೆ ಅದು ಸುಸ್ತಲ್ಲ, ಶಾಖಾಘಾತ. ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ನಮ್ಮ ಮಲೆನಾಡಿನ ಶಿಬಿರಗಳಿಗೆ ಹೋಗುವವರಿಗೆ ಮಂಗನ ಕಾಯಿಲೆಯ ಎಚ್ಚರಿಕೆ ಇರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ರೋಗ ಇವತ್ತು ಶಿವಮೊಗ್ಗಕ್ಕಷ್ಟೇ ಸೀಮಿತವಲ್ಲ. ಉತ್ತರ ಕನ್ನಡ, ಚಿಕ್ಕಮಗಳೂರಿನಿಂದ ಹಿಡಿದು ಬಂಡೀಪುರ, ಕೇರಳದ ವಯನಾಡು, ಗೋವಾವರೆಗೂ ಕಾಣಿಸಿಕೊಂಡಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಅನುಭವಿಸಿದ ಸಂಕಟ ಅನೇಕರಿಗೆ ನೆನಪಿದ್ದೀತು. ರೋಗ ಹರಡುವುದು ಮಂಗನಿಂದ ನೇರವಾಗಿ ಅಲ್ಲ, ಕಾಡಿನ ಉಣ್ಣೆಯಿಂದ. ಉಣುಗು ಎಂದೂ ಕರೆಯುತ್ತಾರೆ. ಅದರ ಮರಿಗಳು ಚುರುಕಾಗುವುದು ಒಣಗಾಲದಲ್ಲಿ, ಡಿಸೆಂಬರಿನಿಂದ ಮೇವರೆಗೆ. ನಿಮ್ಮ ರಜೆಯೂ ಅದೇ ಕಾಲಕ್ಕೆ ಬೀಳುತ್ತದೆ ನೋಡಿ. ಗಸಗಸೆ ಕಾಳಿನಷ್ಟು ಸಣ್ಣದಿರುವ ಈ ಮರಿ ಕಚ್ಚಿದ್ದೂ ಗೊತ್ತಾಗುವುದಿಲ್ಲ. ಆದ್ದರಿಂದ ಹೊರಡುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಸುತ್ತಮುತ್ತ ಮಂಗ ಸತ್ತಿವೆಯೇ, ಜ್ವರದ ವರದಿ ಇದೆಯೇ ಎಂದು ಕೇಳಿ. ಇದ್ದರೆ ಆ ವರ್ಷ ಕಾಡಿನ ಕೆಲಸ ಬಿಟ್ಟುಬಿಡಿ. ಇಲ್ಲದಿದ್ದರೂ ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಮೈಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಇರಲಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಅಂಟಿಕೊಂಡ ಉಣ್ಣೆಯನ್ನು ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ಎಳೆಯಬೇಕು, ಬೆರಳಲ್ಲಿ ಹಿಸುಕಬಾರದು. ಸತ್ತ ಮಂಗವನ್ನು ಕುತೂಹಲಕ್ಕೂ ಮುಟ್ಟದೆ ಇಲಾಖೆಗೆ ತಿಳಿಸಿ. ಹಿಂದೆ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಿದ್ದಾರೆ. ಈ ರೋಗಕ್ಕೇ ಮೀಸಲಾದ ಔಷಧವಿಲ್ಲ. ಬೇಗ ಗುರುತಿಸಿ ಆರೈಕೆ ಮಾಡಿದರೆ ಹೆಚ್ಚಿನವರು ಗುಣವಾಗುತ್ತಾರೆ.

ಶಿಬಿರಗಳಲ್ಲಿ ಶಾಲೆಯ ಜಗಲಿಯ ಮೇಲೆ ಚಾಪೆ ಹಾಸಿ ಮಲಗುವುದು ವಾಡಿಕೆ. ಕಟ್ಟುಹಾವು ರಾತ್ರಿ ಹೊತ್ತು ಹೀಗೆ ನೆಲದ ಮೇಲೆ ಮಲಗಿದವರನ್ನೇ ಕಚ್ಚುವುದು ಹೆಚ್ಚು. ಕಚ್ಚಿದ್ದು ನೋಯುವುದಿಲ್ಲ, ಊದಿಕೊಳ್ಳುವುದೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ಕಣ್ಣುರೆಪ್ಪೆ ಇಳಿದು, ನುಂಗಲು ಆಗದೆ ಹೋದಾಗಲೇ ಗೊತ್ತಾಗುವುದು. ಮಂಚವಿದ್ದರೆ ಮಂಚ, ಇಲ್ಲದಿದ್ದರೆ ಅಂಚನ್ನು ಹಾಸಿಗೆಯ ಕೆಳಗೆ ಚೆನ್ನಾಗಿ ಸಿಕ್ಕಿಸಿದ ಸೊಳ್ಳೆಪರದೆ. ಇದರಿಂದ ಸೊಳ್ಳೆಯೂ ದೂರ, ಹಾವೂ ದೂರ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಮೂರೂ ಬೇಡ. ಕೈಕಾಲು ಅಲುಗಿಸದಂತೆ ಇಟ್ಟು, ವಿಷನಿರೋಧಕ ಚುಚ್ಚುಮದ್ದಿರುವ ಆಸ್ಪತ್ರೆಗೆ ಸಾಗಿಸಬೇಕು. ಆ ಆಸ್ಪತ್ರೆ ಯಾವುದು, ಎಷ್ಟು ದೂರ, 108 ಅಲ್ಲಿಯವರೆಗೆ ಬರುತ್ತದೆಯೇ ಎಂಬುದನ್ನು ಶಿಬಿರದ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ನೆರೆ ಪರಿಹಾರದ ಕೆಲಸಕ್ಕೆ ಯಾರೂ ಆರು ತಿಂಗಳು ಮೊದಲು ಯೋಚಿಸಲಾರರು, ಕೂಗು ಕೇಳಿದೊಡನೆ ಓಡುತ್ತಾರೆ. 2018ರ ಆಗಸ್ಟಿನಲ್ಲಿ ಕೇರಳದಲ್ಲೂ ಕೊಡಗಿನಲ್ಲೂ ಹಾಗೇ ಓಡಿದರು. ಕೇರಳದಲ್ಲಿ ನೀರು ಇಳಿದ ಮೇಲೆ ಇಲಿಜ್ವರ ಎದ್ದಿತು, ಹಲವರು ಸತ್ತರು. ಇಲಿಯ ಮೂತ್ರ ಬೆರೆತ ಕೆಸರು ನೀರು ಕಾಲಿನ ಒಡಕು, ಗೀರುಗಳ ಮೂಲಕ ಮೈ ಸೇರಿದರೆ ಬರುವ ರೋಗ ಇದು. ಮನೆಗಳ ಕೆಸರು ಬಾಚಲು ಹೋದ ಸ್ವಯಂಸೇವಕರಿಗೂ ಅಪಾಯವಿದ್ದುದರಿಂದ ಅಲ್ಲಿನ ಆರೋಗ್ಯ ಇಲಾಖೆ ಅವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಲು ಹೇಳಿತು. ಮೊಣಕಾಲುದ್ದದ ಗಂಬೂಟು, ರಬ್ಬರ್ ಕೈಗವಸು ಇಲ್ಲದೆ ಕೆಸರಿಗೆ ಇಳಿಯಬೇಡಿ, ಮಾತ್ರೆಯನ್ನು ವೈದ್ಯರ ಸಲಹೆಯ ಮೇಲೆ ತೆಗೆದುಕೊಳ್ಳಿ.

ಯಾರು ತಡೆಯಬೇಕು?

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ಹೋಗಬಾರದೆಂದಿಲ್ಲ. ಎರಡೂ ಹತೋಟಿಯಲ್ಲಿರಬೇಕು, ಇರುವ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚಿನ ಮಾತ್ರೆ, ವೈದ್ಯರ ಚೀಟಿಯ ಪ್ರತಿ ಜತೆಗಿರಬೇಕು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತಿನ್ನುವವರು ಬಿಸಿಲಿನ ಊರಿಗೆ ಹೋಗುವ ಮುನ್ನ ವೈದ್ಯರನ್ನು ಕಾಣಿ. ಇನ್ಸುಲಿನ್ ತೆಗೆದುಕೊಳ್ಳುವವರು ಅಲ್ಲಿ ಫ್ರಿಜ್ ಇದೆಯೇ, ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದು ಕೇಳಲೇಬೇಕು. ಹೊಸ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ ಒಳಗೊಂದು ಡಬ್ಬಿಯಲ್ಲಿಟ್ಟರೂ ಇನ್ಸುಲಿನ್ ತಂಪಾಗಿರುತ್ತದೆ. ಗರ್ಭಿಣಿಯರು ಮಲೇರಿಯ ಇರುವ ಕಾಡಿಗೆ ಹೋಗದಿರುವುದೇ ಲೇಸು. ಈಚೆಗೆ ಹೃದಯದ ತೊಂದರೆಯಾಗಿದ್ದವರು, ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದು 'ಸೇವೆ ಮಾಡಿದರೆ ಸಮಾಧಾನವಾದೀತು' ಎಂದು ಹೊರಟವರು ಒಂದು ವರ್ಷ ತಡೆಯುವುದು ಒಳ್ಳೆಯದು. ಸಾವು ನೋವುಗಳ ನಡುವೆ ನೆಮ್ಮದಿ ಹುಡುಕುವುದು ಎಲ್ಲರಿಗೂ ಆಗುವ ಮಾತಲ್ಲ.

ಹೆಣ್ಣುಮಕ್ಕಳು ಶೌಚಾಲಯ, ಸ್ನಾನದ ವ್ಯವಸ್ಥೆ, ಮಲಗುವ ಕೋಣೆಯ ಬಾಗಿಲಿಗೆ ಚಿಲಕ ಇದೆಯೇ ಎಂದು ಮೊದಲೇ ಕೇಳಿ ತಿಳಿಯಲಿ. ಕೇಳಲು ಸಂಕೋಚ ಬೇಡ. ಶೌಚಾಲಯ ಸರಿಯಿಲ್ಲವೆಂದು ನೀರು ಕುಡಿಯದೇ ಇದ್ದು ಮೂತ್ರದ ಸೋಂಕು ತಂದುಕೊಂಡವರನ್ನು ನಾನು ಪ್ರತಿ ಜೂನ್ ತಿಂಗಳಲ್ಲೂ ನೋಡುತ್ತೇನೆ.

ಮರಳಿ ಬಂದ ಮೇಲೆ

ಒಡಿಶಾ, ಛತ್ತೀಸ್‌ಗಢ, ಗಡ್‌ಚಿರೋಲಿ, ಈಶಾನ್ಯ ರಾಜ್ಯಗಳ ಕಾಡಿನ ಸೀಮೆಗಳಲ್ಲಿ ಮಲೇರಿಯ ಇನ್ನೂ ಇದೆ. ಅಲ್ಲಿಗೆ ಹೋಗುವವರಿಗೆ ತಡೆಯ ಮಾತ್ರೆ ಉಂಟು. ಡಾಕ್ಸಿಸೈಕ್ಲಿನ್ ಆದರೆ ಹೋಗುವ ಮುನ್ನ ಶುರುಮಾಡಿ, ಅಲ್ಲಿರುವಷ್ಟು ದಿನವೂ ತಪ್ಪದೆ ನುಂಗಿ, ಮರಳಿದ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಎಂಟು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಅದು ಆಗದು. ಮನೆಗೆ ಬಂದೆವಲ್ಲ ಎಂದು ಮಾತ್ರೆ ಬಿಡುವವರೇ ಬಹಳ.

ಅಂಥ ಕಾಡಿನ ಶಿಬಿರದಿಂದ ಬಂದ ಇಪ್ಪತ್ತೆರಡರ ಯುವಕನೊಬ್ಬನನ್ನು ತಂದೆ ನನ್ನಲ್ಲಿಗೆ ಕರೆತಂದಾಗ ಜ್ವರಕ್ಕೆ ಐದನೆಯ ದಿನ. ಊರಿಗೆ ಮರಳಿ ಹನ್ನೆರಡು ದಿನದ ಮೇಲೆ ಶುರುವಾದ ಜ್ವರ. ಮಳೆಯಲ್ಲಿ ನೆನೆದದ್ದರಿಂದ ಎಂದುಕೊಂಡು ಮನೆಯಲ್ಲೇ ಜ್ವರದ ಮಾತ್ರೆ ಕೊಡುತ್ತಿದ್ದರು. ಎಲ್ಲಿಗಾದರೂ ಹೋಗಿದ್ದೆಯಾ ಎಂದು ಕೇಳಿದ ಮೇಲೆಯೇ ಕಾಡಿನ ಮಾತು ಬಂದದ್ದು. ರಕ್ತದಲ್ಲಿದ್ದದ್ದು ಫಾಲ್ಸಿಪಾರಂ ಮಲೇರಿಯ, ಮಿದುಳಿಗೂ ಮೂತ್ರಪಿಂಡಕ್ಕೂ ಏರಬಲ್ಲ ಜಾತಿ. ಇನ್ನೆರಡು ದಿನ ಕಳೆದಿದ್ದರೆ ಕಷ್ಟವಿತ್ತು. ಹುಡುಗ ಗುಣವಾದ, ಮುಂದಿನ ವರ್ಷ ಮಾತ್ರೆ ಜತೆಗಿಟ್ಟುಕೊಂಡು ಮತ್ತೆ ಅಲ್ಲಿಗೇ ಹೋದ.

ವೈದ್ಯರು ಕೇಳಲಿ ಬಿಡಲಿ, ನೀವಾಗಿಯೇ ಹೇಳಬೇಕಾದದ್ದು ಇಷ್ಟು: ಹೋಗಿದ್ದ ಊರು, ಇದ್ದ ದಿನಗಳು, ಮಾಡಿದ ಕೆಲಸ, ಕಚ್ಚಿದ್ದು ಏನಾದರೂ ಇದ್ದರೆ ಅದು. ಮಂಗನ ಕಾಯಿಲೆ ಉಣ್ಣೆ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ತಲೆ ಸಿಡಿಯುವ ಜ್ವರವಾಗಿ ಬರುತ್ತದೆ. ಸ್ಕ್ರಬ್ ಟೈಫಸ್ ಎಂಬ ಇನ್ನೊಂದು ಜ್ವರದಲ್ಲಿ ಕಂಕುಳು, ತೊಡೆಸಂದಿನಲ್ಲಿ ಸಿಗರೇಟು ಸುಟ್ಟಂಥ ಕಪ್ಪು ಕಲೆ ಕಾಣಬಹುದು. ಮರೆಯಾದ ಜಾಗವಾದ್ದರಿಂದ ನಾಚಿಕೆ ಬಿಟ್ಟು ತೋರಿಸಬೇಕು. ಫಾಲ್ಸಿಪಾರಂ ಮಲೇರಿಯ ಸಾಮಾನ್ಯವಾಗಿ ಒಂದು ತಿಂಗಳೊಳಗೆ ತಲೆಯೆತ್ತುತ್ತದೆ, ವೈವಾಕ್ಸ್ ಜಾತಿಯದು ಯಕೃತ್ತಿನಲ್ಲಿ ಅಡಗಿ ತಿಂಗಳುಗಳ ನಂತರವೂ ಬಂದೀತು. ಹಾಗಾಗಿ ಹೋಗಿ ಬಂದ ಊರಿನ ಹೆಸರು, ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದು ಮನೆಯ ಔಷಧದ ಡಬ್ಬಿಯಲ್ಲಿಡಿ, ಮುಂದಿನ ಬೇಸಿಗೆಯವರೆಗೆ ಅದು ಅಲ್ಲೇ ಇರಲಿ.